ಪಂಚಾಕ್ಷರಿಯ ಎರಡು ರೂಪಾಯಿ

ನಮ್ಮ ಊರಿನ ಅಂಗಡಿಗಳಲ್ಲಿ ಪೂರ್ತಿ ಚಿಲ್ಲರೆ ಕೊಡುವ ಪದ್ಧತಿ ಇಲ್ಲ. ಹದಿನೆಂಟು ರೂಪಾಯಿಯ ಸೋಪಿಗೆ ಇಪ್ಪತ್ತರ ನೋಟು ಕೊಟ್ಟರೆ ಒಂದು ರೂಪಾಯಿ ಕೈಗೆ ಬರುತ್ತದೆ, ಇನ್ನೊಂದು ಗಲ್ಲಾಪೆಟ್ಟಿಗೆಯಲ್ಲೇ ಉಳಿಯುತ್ತದೆ. ಗಲ್ಲಾದ ಮೇಲೆ ಕುಳಿತವರು ಮುಖ ಎತ್ತದೆ "ಚಿಲ್ಲರೆ ಇಲ್ರಿ" ಅನ್ನುತ್ತಾರೆ. ನಾವು "ಆಮ್ಯಾಲೆ ತಗೋತೀನ್ರಿ" ಅಂದು ಚೀಲ ಎತ್ತಿಕೊಂಡು ಮೆಟ್ಟಿಲು ಇಳಿಯುತ್ತೇವೆ. ಮಕ್ಕಳು ಮೊದಲ ಸಲ ಒಂಟಿಯಾಗಿ ಅಂಗಡಿಗೆ ಹೊರಟಾಗ ತಾಯಂದಿರು ಹೇಳಿ ಕಳಿಸುವುದೂ ಇದನ್ನೇ: ಅಂಗೈ ಚಾಚಿಕೊಂಡು ನಿಲ್ಲಬೇಡ, "ಇಟ್ಟುಕೊಳ್ರಿ" ಅಂತಲೂ ಅನ್ನಬೇಡ. ತೆಗೆದುಕೊಂಡರೂ ಬಾಕಿ ಹರಿಯುತ್ತದೆ, ಬಿಟ್ಟುಕೊಟ್ಟರೂ ಹರಿಯುತ್ತದೆ. ನಾನು ಬ್ಲೌಸ್ ಹೊಲಿಯುವವಳು. ನಾನೂ ಎಲ್ಲರ ಹತ್ತಿರ ಒಂದು ರೂಪಾಯಿ ಹಿಡಿದುಕೊಳ್ಳುತ್ತೇನೆ, ನನ್ನದನ್ನೂ ಯಾರೋ ಹಿಡಿದುಕೊಂಡಿರುತ್ತಾರೆ ಅಂತ ನೆಮ್ಮದಿಯಾಗಿ ಮಲಗುತ್ತೇನೆ.

ತಮಗೆ ಬರಬೇಕಾದ ಬಾಕಿ ಎಲ್ಲೂ ಏನೂ ಉಳಿಯದವರು ಊರು ಬಿಟ್ಟು ಹೊರಟುಹೋಗುತ್ತಾರೆ. ನಾನು ಚಿಕ್ಕವಳಿದ್ದಾಗ ಮಾಸ್ತರರ ಹೆಂಡತಿ ಹೀಗೆ ಹೋದರು. ಅವರು ಒಂದೇ ಅಂಗಡಿಗೆ ಹೋಗುವವರು. ಆ ಅಂಗಡಿಯ ಮುದುಕ ಕಣ್ಣು ಮಂಜಾಗಿ ಒಂದು ನಾಣ್ಯ ಹೆಚ್ಚಾಗಿ ಎಣಿಸಿಕೊಟ್ಟ, ಅವರ ಬಾಕಿ ಅಲ್ಲಿಗೆ ಹರಿಯಿತು. ಆಕೆ ಉಳ್ಳಾಗಡ್ಡಿಯ ಚೀಲ ಹಿಡಿದುಕೊಂಡು ತಮ್ಮ ಓಣಿಯ ತಿರುವನ್ನು ದಾಟಿ, ನೆಟ್ಟಗೆ ಒಣಹಳ್ಳದ ಸೇತುವೆಯ ಕಡೆ ನಡೆದುಬಿಟ್ಟರು. ಮುಖ ಆಗಷ್ಟೇ ಮಿಂದು ಬಂದವರ ಹಾಗೆ ಹಗುರವಾಗಿತ್ತಂತೆ. ಅಡ್ಡ ನಿಂತವರಿಗೆ ನಮಸ್ಕಾರ ಮಾಡಿ ಪಕ್ಕಕ್ಕೆ ಸರಿದು ಹೋದರಂತೆ. ಸೇತುವೆ ದಾಟಿದವರು ಸ್ವಲ್ಪ ಹೊತ್ತು ಕಾಣುತ್ತಾರೆ, ಕೂಗಿದರೆ ತಿರುಗುವುದಿಲ್ಲ, ಆಮೇಲೆ ಕಾಣುವುದಿಲ್ಲ. ಇನ್ನೊಮ್ಮೆ ಕುಂಬಾರ ಓಣಿಯ ಒಬ್ಬನನ್ನು ಅಣ್ಣತಮ್ಮಂದಿರು ಹಿಡಿದು ತಂದು ಮಂಚಕ್ಕೆ ಕಟ್ಟಿದರು. ಮಲಗಿದಲ್ಲೇ ಅವನ ಕಾಲು ನಡೆಯುತ್ತಲೇ ಇತ್ತು. ಹಿಮ್ಮಡಿ ಉಜ್ಜಿ ಉಜ್ಜಿ ಹಾಸಿಗೆಯೆಲ್ಲ ರಕ್ತವಾದ ಮೇಲೆ ಅವರೇ ಅಳುತ್ತ ಹಗ್ಗ ಬಿಚ್ಚಿದರು.

ನೀಲಗಂಗಾ ನನ್ನ ಎದುರುಮನೆಯವಳು, ಇದೇ ಊರಲ್ಲಿ ಹುಟ್ಟಿ ಬೆಳೆದವಳು. ಅವಳ ಗಂಡ ಪಂಚಾಕ್ಷರಿ ಹೊರಗಿನವನು. ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತ ಊರಿಂದೂರಿಗೆ ಅಲೆಯುತ್ತಿದ್ದವನು ಇಲ್ಲಿ ಬಂದು ಇವಳನ್ನು ಕಂಡು ನಿಂತುಬಿಟ್ಟ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಕೊರಗಿದ್ದನ್ನು ನಾನು ಕಂಡಿಲ್ಲ. ಸಂಜೆಯ ಹೊತ್ತು ಅವನು ಕಟ್ಟೆಯ ಮೇಲೆ ಯಾವುದಾದರೂ ಮಷಿನ್ನು ಬಿಚ್ಚಿಕೊಂಡು ಕೂತರೆ ಅವಳು ಪಕ್ಕದಲ್ಲಿ ಕೂತು ಸ್ಕ್ರೂಗಳನ್ನು ಸೆರಗಿನಲ್ಲಿ ಹಿಡಿದುಕೊಂಡಿರುತ್ತಿದ್ದಳು. ಅವನು "ಗಂಗೂ, ಸಣ್ಣದು" ಅಂದರೆ ಸಣ್ಣದನ್ನು ಕೊಡುವಳು.

ಕೇಳಿದವರಿಗೆ ಅಂಗಿ ಬಿಚ್ಚಿಕೊಡುವ ಮನುಷ್ಯ ಅವನು. ಬಡವರ ಮನೆಯ ಫ್ಯಾನಿಗೆ ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಸಾಲ ಕೊಟ್ಟರೆ ಕೊಟ್ಟಾಗಲೇ ಬಿಟ್ಟುಕೊಡುತ್ತಿದ್ದ, ಮರಳಿ ಕೇಳುತ್ತಿರಲಿಲ್ಲ. ಆದರೆ ಅಂಗಡಿಯವನು ಕೇಳದೆ ಹಿಡಿದುಕೊಂಡ ಒಂದು ರೂಪಾಯಿಗೆ ಅವನ ಹಣೆಯ ನರ ಎದ್ದು ನಿಲ್ಲುತ್ತಿತ್ತು. ಕೇಳಿದ್ದರೆ ನೂರು ಕೊಡುತ್ತಿದ್ದೆ, ಕದ್ದರೆ ಒಂದೂ ಬಿಡುವುದಿಲ್ಲ ಅನ್ನುತ್ತಿದ್ದ. ತಾನೂ ಯಾರದನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಅವನ ಹತ್ತಿರ ರಿಪೇರಿ ಮಾಡಿಸಿದವರು ನೋಟು ಇಟ್ಟು ಓಡಿಹೋಗುತ್ತಿದ್ದರು, ಇವನು ಚಿಲ್ಲರೆ ಹಿಡಿದು ಓಣಿಯ ಕೊನೆಯವರೆಗೆ ಬೆನ್ನು ಹತ್ತುತ್ತಿದ್ದ. ನಾವು ನಗುತ್ತಿದ್ದೆವು, ಆದರೆ ಬಾಗಿಲು ಹಾಕಿಕೊಂಡು ನಗುತ್ತಿದ್ದೆವು.

ಮದುವೆಯಾದ ಹೊಸದರಲ್ಲೇ ನೀಲಗಂಗಾ ಅವನಿಗೆ ಎಲ್ಲ ಹೇಳಿದ್ದಳು. ಅವನು ಬಹಳ ಹೊತ್ತು ನಕ್ಕನಂತೆ. ಊರಿನ ವ್ಯಾಪಾರಿಗಳೆಲ್ಲ ಸೇರಿ ಎಂಥ ಚಂದದ ಕಥೆ ಕಟ್ಟಿದ್ದಾರೆ ಅಂದನಂತೆ. ತನ್ನ ಮನೆ ಇಲ್ಲಿದೆ, ಹೆಂಡತಿ ಇಲ್ಲಿದ್ದಾಳೆ, ತಾನು ಎಲ್ಲಿಗೆ ಹೋಗುತ್ತೇನೆ ಅಂತ ಕೇಳಿದನಂತೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ, ಬೇರೆ ದಾರಿ ಹಿಡಿದಳು. ಹಾಲಿನವನು, ಔಷಧಿ ಅಂಗಡಿಯವನು, ವೈರು ಬಲ್ಬು ಮಾರುವವನು, ಕಟ್ಟಿಮನಿ ಸ್ಟೋರ್ಸಿನ ಗಲ್ಲಾದ ತಾರಾಬಾಯಿ, ಈ ನಾಲ್ವರ ಹತ್ತಿರ ಹೋಗಿ ಕೈ ಹಿಡಿದು ಬೇಡಿಕೊಂಡಳು. ಅವನು ಎಷ್ಟೇ ಜಗಳವಾಡಲಿ, ಇವತ್ತಿನದನ್ನು ಇವತ್ತು ಕೊಡಬೇಡಿ ಅಂದಳು. ಅವರೂ ಒಪ್ಪಿದರು. ನಿನ್ನೆಯ ರೂಪಾಯಿ ಕೇಳಲು ಬಂದರೆ ಏನಾದರೂ ಕೊಂಡರೆ ಕೊಡುತ್ತೇನೆ ಅನ್ನುವರು, ಕೊಂಡಾಗ ಹಳೆಯದನ್ನು ಕೊಟ್ಟು ಹೊಸದನ್ನು ಹಿಡಿದುಕೊಳ್ಳುವರು. ಹೀಗೆ ಅವನು ಎಷ್ಟೋ ವರ್ಷ ಜಗಳವಾಡುತ್ತ ನಮ್ಮ ಊರಲ್ಲಿ ಸುಖವಾಗಿದ್ದ.

ಕೆಟ್ಟದ್ದು ಶುರುವಾದದ್ದು ಔಷಧಿ ಅಂಗಡಿಯಲ್ಲಿ. ತಲೆನೋವಿನ ಗುಳಿಗೆಗೆ ಹೋದವನು ಎಂದಿನಂತೆ ತನ್ನ ರೂಪಾಯಿಗೆ ನಿಂತಿದ್ದಾನೆ. ಅಂಗಡಿಯವನಿಗೆ ಅಂದು ಮನೆಯಲ್ಲಿ ಏನೋ ಕಿರಿಕಿರಿ ಆಗಿತ್ತು. ಹತ್ತು ಜನರ ಮುಂದೆ ಭಿಕಾರಿ ಅಂದು ನಾಣ್ಯವನ್ನು ನೆಲಕ್ಕೆ ಎಸೆದ. ಪಂಚಾಕ್ಷರಿ ಬಗ್ಗಿ ಅದನ್ನು ಎತ್ತಿಕೊಂಡು ಅಂಗಿಗೆ ಒರೆಸಿ ಜೇಬಿಗೆ ಹಾಕಿದ. ಅಂದು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ, ನೀಲಗಂಗಾ ಹಿಟ್ಟಿನ ಗಿರಣಿಗೆ ಹೋದ ಮೇಲೆ, ಈ ಊರಿನ ಕಳ್ಳರ ಹತ್ತಿರ ತನ್ನದು ಏನೂ ಇರಬಾರದು ಅಂದುಕೊಂಡು ಹೊರಟ. ಏನನ್ನೂ ಕೊಳ್ಳಬಾರದು, ಕೇಳಿ ತೆಗೆದುಕೊಂಡೇ ಬರಬೇಕು ಅನ್ನುವುದು ಅವನ ಹಟ.

ಹಾಲಿನವನ ಕ್ಯಾನಿನ ಮುಂದೆ ಅವನು ಅಡ್ಡ ನಿಂತದ್ದರಿಂದ ವ್ಯಾಪಾರ ನಿಂತಿತು. ಕೊಟ್ಟು ಕಳಿಸಿದರಾಯಿತು, ಇವನದು ವೈರಿನ ಅಂಗಡಿಯಲ್ಲಿ ಇದ್ದೇ ಇರುತ್ತದಲ್ಲ ಅಂದುಕೊಂಡು ಹಾಲಿನವನು ಕೊಟ್ಟ. ವೈರಿನ ಅಂಗಡಿಯವನು, ತಾರಾಬಾಯಿ ಇದ್ದಾಳಲ್ಲ, ಅವಳ ಕೈಯಿಂದ ಒಂದು ಕಾಸೂ ಉದುರುವುದಿಲ್ಲ ಅಂದುಕೊಂಡು ಕೊಟ್ಟ. ಆದರೆ ತಾರಾಬಾಯಿ ಆ ವಾರ ಮಗಳ ಬಾಣಂತನಕ್ಕೆ ಹೋಗಿದ್ದಳು. ಗಲ್ಲಾದ ಮೇಲೆ ಹೊರ ಊರಿನ ಹೊಸ ಹುಡುಗಿ ಕೂತಿದ್ದಳು. ಮಾಲೀಕ ಅವಳಿಗೆ ಎಲ್ಲ ಹೇಳಿಯೇ ಕೂರಿಸಿದ್ದನಂತೆ. ಅವಳಿಗೆ ಅದು ವ್ಯಾಪಾರದ ಜಾಣತನ ಅನ್ನಿಸಿತೋ, ಮರೆತಳೋ ಗೊತ್ತಿಲ್ಲ. ವಯಸ್ಸಾದ ಮನುಷ್ಯ ಬಂದು ಮರ್ಯಾದೆಯಿಂದ ಕೇಳಿದಾಗ ನಗುತ್ತ, ನಿಮ್ಮ ದುಡ್ಡು ನಿಮಗೆ ಕೊಡಲಿಕ್ಕೇನು ಅಂದು ಒಂದು ರೂಪಾಯಿಯನ್ನು ಅಂಗೈಯಲ್ಲಿ ಇಟ್ಟಳು.

ಆಗ ಅಂಗಡಿಯಲ್ಲಿದ್ದವರು ಹೇಳುವ ಪ್ರಕಾರ, ಅವನು ಆ ನಾಣ್ಯವನ್ನು ಬಹಳ ಹೊತ್ತು ನೋಡಿದ. ಹಣೆಯ ನರ ಇಳಿಯಿತು. ಥ್ಯಾಂಕ್ಸ್ ಹೇಳಿದ. ಹೊರಗೆ ಬಿಟ್ಟಿದ್ದ ನಾಲ್ಕೈದು ಜೊತೆ ಚಪ್ಪಲಿಗಳಲ್ಲಿ ತನ್ನದು ಯಾವುದೆಂದು ಗುರುತು ಹತ್ತದೆ ಸ್ವಲ್ಪ ನಿಂತು, ಕೊನೆಗೆ ಬರಿಗಾಲಲ್ಲೇ ಮೆಟ್ಟಿಲು ಇಳಿದ. ನಮ್ಮ ಓಣಿ ಎಡಕ್ಕೆ. ಅವನು ಬಲಕ್ಕೆ ತಿರುಗಿದ.

ನನಗೆ ಸುದ್ದಿ ಬಂದಾಗ ನಾನು ಮಷಿನ್ ಬಿಟ್ಟು ಗಿರಣಿಗೆ ಓಡಿದೆ. ನೀಲಗಂಗಾಳಿಗೆ ಪೂರ್ತಿ ಹೇಳಬೇಕಾಗಲಿಲ್ಲ. ಹಿಟ್ಟಿನ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟು, ಕೂದಲ ಮೇಲೆಲ್ಲ ಜೋಳದ ಹಿಟ್ಟು ಇದ್ದ ಹಾಗೆಯೇ ಹೊರಟಳು. ಮುಂದಿನದು ಅವಳು ನನಗೆ ಎಷ್ಟೋ ದಿನಗಳ ಮೇಲೆ, ಬಿಟ್ಟು ಬಿಟ್ಟು ಹೇಳಿದ್ದು.

ಅವನು ಸಿಕ್ಕಿದ್ದು ಸುಣ್ಣದ ಭಟ್ಟಿಯ ಹತ್ತಿರ. ಬಿಸಿಲು ನೆತ್ತಿಗೇರುತ್ತಿತ್ತು. ಅವನ ಮುಖದ ಮೇಲೆ ಒಂದು ಹನಿ ಬೆವರಿರಲಿಲ್ಲ. ದಾರಿಯ ನಾಯಿಗಳು ಅವನು ಹತ್ತಿರ ಬಂದರೆ ಎದ್ದು ಜಾಗ ಬಿಟ್ಟುಕೊಡುತ್ತಿದ್ದವು. ಅವಳು ಎದುರಿಗೆ ಹೋಗಿ ನಿಂತಳು. ಅವನು ಬಹಳ ವಿನಯದಿಂದ ಪಕ್ಕಕ್ಕೆ ಸರಿದು ಮುಂದೆ ನಡೆದ. ಜೊತೆಜೊತೆಗೆ ಹೆಜ್ಜೆ ಹಾಕುತ್ತ ಎಲ್ಲಿಗೆ ಹೊರಟಿರಿ ಅಂತ ಕೇಳಿದಳು.

"ಹಿಂಗ ಮುಂದ, ಬಾಯಾರ" ಅಂದ. ಹದಿನೇಳು ವರ್ಷ ಗಂಗೂ ಅಂದವನು, ಗುರುತಿಲ್ಲದ ಹೆಂಗಸನ್ನು ಕರೆಯುವ ಹಾಗೆ ಬಾಯಾರ ಅಂದಿದ್ದ. ಆದರೆ ಅಳುತ್ತ ನಿಂತರೆ ಆಗದು ಅಂತ ಅವಳಿಗೆ ಗೊತ್ತಿತ್ತು. ಯಾರಾದರೂ ಅವನಿಗೆ ಏನಾದರೂ ಕೊಡಬೇಕಾಗಿ ಬರಬೇಕು, ಅದೂ ಸೇತುವೆಗೆ ಮುಂಚೆ. ತಾನೇ ಸಾಲಗಾರಳಾಗುತ್ತೇನೆ ಅಂದುಕೊಂಡಳು. ಅಣ್ಣಾರೇ, ನನ್ನ ಪರ್ಸು ಕಳೆದುಹೋಗಿದೆ, ಒಂದಿಷ್ಟು ದುಡ್ಡು ಕೊಟ್ಟಿರಿ, ನಾಳೆ ಮುಂಜಾನೆ ತಂದು ಮುಟ್ಟಿಸುತ್ತೇನೆ ಅಂದಳು. ಅವನು ನಿಂತ. ಜೇಬಿಗೆ ಕೈ ಹಾಕಿ ಇದ್ದ ಚಿಲ್ಲರೆಯನ್ನೆಲ್ಲ, ಅಂದು ಗೆದ್ದು ತಂದ ನಾಣ್ಯಗಳನ್ನೂ ಸೇರಿಸಿ, ಅವಳ ಅಂಗೈಗೆ ಸುರಿದ.

"ವಾಪಸ್ ಬ್ಯಾಡ್ರಿ. ಇಟ್ಟುಕೊಳ್ರಿ."

ಅವಳು ಬೇಡ, ಸಾಲವೆಂದೇ ಕೊಡಿ ಅಂದಳು. ಅವನು ನಕ್ಕು ತಲೆಯಾಡಿಸಿದ. ಕೈಗಡಿಯಾರ ಕೇಳಿದಳು, ಹೊತ್ತು ನೋಡಿ ಕೊಡುತ್ತೇನೆಂದು. ಬಿಚ್ಚಿ ಕೊಟ್ಟು, ನಿಮಗೇ ಇರಲಿ ಅಂದ. ಬಿಸಿಲಿಗೆ ತಲೆ ಸುಡುತ್ತಿದೆ, ಹೆಗಲ ಮೇಲಿನ ಟವೆಲ್ಲು ಕೊಡಿ, ಒಗೆದು ತಂದುಕೊಡುತ್ತೇನೆ ಅಂದಳು. ಅದನ್ನೂ ಕೊಟ್ಟ. ಅವಳ ತಲೆಯ ಮೇಲೆ ಹಿಟ್ಟು ಕಂಡು ಒರೆಸಿಕೊಳ್ಳಿ ಅಂದ. ಏನು ಕೇಳಿದರೂ ಕೊಡುತ್ತಿದ್ದ, ಕೊಟ್ಟದ್ದನ್ನೆಲ್ಲ ಆ ಕ್ಷಣವೇ ಬಿಟ್ಟುಕೊಡುತ್ತಿದ್ದ. ಹೀಗೆ ಅವನನ್ನು ಬರಿದು ಮಾಡುತ್ತ ಅವಳು ಸೇತುವೆಯವರೆಗೆ ನಡೆದಳು. ಅವನ ಅಂಗಿಯ ಮೇಲ್ಜೇಬಿನಲ್ಲಿ ಒಂದು ಹತ್ತರ ನೋಟು ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ಅದನ್ನೂ ಕೇಳಬೇಕೆಂದು ಬಾಯಿ ತೆರೆದವಳು ಯಾಕೋ ಸುಮ್ಮನಾದಳು.

ಸೇತುವೆಯ ಈಚೆ ದಂಡೆಯಲ್ಲಿ ಫಕೀರವ್ವನ ಚಹಾದಂಗಡಿ ಇದೆ. ಅದೇ ಊರಿನ ಕೊನೆಯ ಅಂಗಡಿ. ನಮ್ಮವರು ಆ ಕಡೆ ಸುಮ್ಮನೆ ಹೋಗುವುದಿಲ್ಲ. ಲಾರಿಯವರು, ಭಟ್ಟಿಯ ಕೂಲಿಗಳು ಅವಳ ಗಿರಾಕಿಗಳು. ಹೋಗುವವರನ್ನೆಲ್ಲ ಕೊನೆಗೆ ನೋಡಿದವಳು ಅವಳೇ. ದೂರದಿಂದಲೇ ಆ ನಡಿಗೆ ಗುರುತಿಸಿ ಅವಳು ಎದ್ದು ನಿಂತಿದ್ದಳು. ನೀಲಗಂಗಾ ಏದುಸಿರು ಬಿಡುತ್ತ ಅವಳ ಕಡೆ ನೋಡಿದಳು. ಫಕೀರವ್ವ ಆಗಷ್ಟೇ ಸೋಸಿದ್ದ ಚಹಾದ ಗ್ಲಾಸನ್ನು ತಂದು ನಡೆಯುತ್ತಿದ್ದ ಪಂಚಾಕ್ಷರಿಯ ಕೈಗೆ ತುರುಕಿದಳು. "ಹಿಡಿ ಯಪ್ಪಾ, ಆರಿಹೋಗ್ತೈತಿ" ಅಂದಳು.

ಅವನಿಗೆ ಬಾಯಾರಿಕೆ ಇರಲಿಲ್ಲ. ಆ ಹೊತ್ತಿನಲ್ಲಿ ಅವನಿಗೆ ಏನೂ ಬೇಕಾಗಿರಲಿಲ್ಲ. ಆದರೆ ಕೈಗೆ ಬಂದದ್ದನ್ನು ಚೆಲ್ಲುವುದು ಅವನ ಸ್ವಭಾವವಲ್ಲ. ನಿಂತುಕೊಂಡೇ ಕುಡಿದ. ಕುಡಿದ ಮೇಲೆ ದುಡ್ಡು ಕೊಡದೆ ಹೋಗುವುದೂ ಅವನಿಂದ ಆಗಲಿಲ್ಲ. ಎಷ್ಟು ಅಂತ ಕೇಳಿದ. ಎಂಟು ಅಂದಳು. ಕೆಳಜೇಬು ತಡಕಿದ, ಖಾಲಿ. ಮೇಲ್ಜೇಬಿನ ಹತ್ತರ ನೋಟು ತೆಗೆದುಕೊಟ್ಟ. ಫಕೀರವ್ವ ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ಒಲೆಯ ಕಡೆ ತಿರುಗಿದಳು.

ಅವನು ಒಂದು ಹೆಜ್ಜೆ ಇಟ್ಟ. ನೀಲಗಂಗಾ ಕಣ್ಣು ಮುಚ್ಚಿಕೊಂಡಳು. ಬೇರೆಯವರಿಗೂ ಫಕೀರವ್ವ ಹಿಂದೆ ಇದನ್ನು ಮಾಡಿ ನೋಡಿದ್ದಳು. ಅವರೆಲ್ಲ ಇರಲಿ ಬಿಡವ್ವ ಅಂದು ಸೇತುವೆ ದಾಟಿದ್ದರು. ಎರಡನೆಯ ಹೆಜ್ಜೆಯ ಸಪ್ಪಳ ಬರಲಿಲ್ಲ.

"ಎರಡು ರೂಪಾಯಿ ಬರಬೇಕಲ್ಲ?"

"ಚಿಲ್ಲರೆ ಇಲ್ಲ. ನಾಳೆ ಬಾ."

ನೀಲಗಂಗಾ ಕಣ್ಣು ತೆರೆದಾಗ ಅವನ ಕತ್ತಿನ ಮೇಲೆ ಬೆವರು ಒಡೆದಿತ್ತು. ಬರಿಗಾಲು ಸುಡುತ್ತಿದ್ದದ್ದು ಅವನಿಗೆ ಆಗ ಗೊತ್ತಾಯಿತೆಂದು ಕಾಣುತ್ತದೆ, ಒಂದರ ಮೇಲೊಂದು ಕಾಲಿಟ್ಟು ನೆರಳಿಗೆ ಸರಿದ. ಸೇತುವೆಯ ಕಡೆ ಒಮ್ಮೆ, ಡಬ್ಬಿಯ ಕಡೆ ಒಮ್ಮೆ ನೋಡಿದ. ಆಮೇಲೆ ಬೆಂಚಿನ ಮೇಲೆ ಕೂತ. ಸಂಜೆಯವರೆಗೂ ಕೂತೇ ಇದ್ದ. ಇಲ್ಲಿ ಒಂದು ದಿನ ತಂಗಲು ಜಾಗ ಎಲ್ಲಿ ಸಿಗುತ್ತದೆ ಅಂತ ಪಕ್ಕದಲ್ಲಿ ಕೂತಿದ್ದ ನೀಲಗಂಗಾಳನ್ನೇ ಕೇಳಿದ.

ಹೀಗೆ ಅವಳು ಗಂಡನನ್ನು ಮನೆಗೆ ಕರೆತಂದಳು. ಬಂದವನು ತನ್ನ ಮನೆಯ ಹೊಸ್ತಿಲ ಹೊರಗೆ ನಿಂತು ಒಳಗೆ ಬರಬಹುದೇ ಅಂತ ಕೇಳಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಪಡಸಾಲೆಯ ಕೋಣೆ ಬಾಡಿಗೆಗಿದೆ ಅಂದಳು. ಒಪ್ಪಿದ. ಮರುದಿನ ಎದ್ದು ಸೇತುವೆಗೆ ಹೋದ, ಫಕೀರವ್ವ ನಾಳೆ ಅಂದಳು. ಅದರ ಮರುದಿನವೂ ನಾಳೆ ಅಂದಳು. ಅವನು ಅಲ್ಲಿ ಮತ್ತೆ ಚಹಾ ಮುಟ್ಟಲಿಲ್ಲ. ಜಗಳವಾಡಿ, ಅರ್ಧ ಗಂಟೆ ಬೆಂಚಿನ ಮೇಲೆ ಕೂತು, ತಿರುಗಿ ಬರುವನು. ಬರುತ್ತ ಬರುತ್ತ ಕೈ ಸುಮ್ಮನಿರಲಾರದೆ ಯಾರದೋ ಮನೆಯ ಮಿಕ್ಸರ್ ತಂದು ಕಟ್ಟೆಯ ಮೇಲೆ ಬಿಚ್ಚಿಕೊಂಡು ಕೂರುವನು. ಕೈಗಳಿಗೆ ಎಲ್ಲ ನೆನಪಿತ್ತು. ನೀಲಗಂಗಾ ಪಕ್ಕದಲ್ಲಿ ಕೂರಲು ಹೋದರೆ ಎದ್ದು ನಿಂತು ಜಾಗ ಕೊಡುವನು. ಸ್ಕ್ರೂಗಳನ್ನು ಒಂದು ಬಟ್ಟಲಲ್ಲಿ ಹಾಕಿಟ್ಟುಕೊಳ್ಳುತ್ತಿದ್ದ.

ತಿಂಗಳಿಗೊಮ್ಮೆ ಬಾಡಿಗೆ ಮತ್ತು ಊಟದ ಹಣ ತಂದು ಬಾಗಿಲ ಹೊರಗೆ ನಿಂತು ಕೊಡುತ್ತಿದ್ದ. ಅವಳು ಒಮ್ಮೆ ಐದು ರೂಪಾಯಿ ಚಿಲ್ಲರೆ ಇಲ್ಲ ಅಂದು ನೋಡಿದಳು. ಊರಿನ ಅಂಗಡಿಗಳಲ್ಲಿ ಅವನು ಈಗ ಲೆಕ್ಕಕ್ಕೆ ಸರಿಯಾದ ಚಿಲ್ಲರೆ ಎಣಿಸಿ ಕೊಟ್ಟೇ ಕೊಳ್ಳುತ್ತಿದ್ದ. ಸೇತುವೆಯ ಹತ್ತಿರ ಅವನನ್ನು ಕಟ್ಟಿದ ಗಂಟು ಒಂದೇ ಇತ್ತು, ಎರಡಿದ್ದರೆ ಒಳ್ಳೆಯದು ಅಂತ ಅವಳ ಯೋಚನೆ. ಅವನು ಕೈಮುಗಿದು, ನಿಮ್ಮ ಮನೆಯ ಉಪ್ಪು ತಿಂದವನು ನಿಮ್ಮ ಹತ್ತಿರ ಐದು ರೂಪಾಯಿ ಲೆಕ್ಕ ಹಾಕಲೇ, ಇರಲಿ ಬಿಡಿ ಅಂದ. ಅಂದಿನಿಂದ ಅವಳು ಆ ಪ್ರಯತ್ನ ಬಿಟ್ಟಳು. ಅವನಿಗೆ ಅವಳ ಮೇಲೆ ಒಂದು ಬಗೆಯ ಆದರ ಬೆಳೆಯುತ್ತಿತ್ತು. ಅವಳಿಗೆ ಜ್ವರ ಬಂದರೆ ಗುಳಿಗೆ ತಂದುಕೊಡುತ್ತಿದ್ದ. ಒಂದು ದಿನ ನನ್ನ ಹತ್ತಿರ ಬಂದು, ಆ ಬಾಯಾರ ಗಂಡ ತೀರಿಹೋಗಿ ಎಷ್ಟು ದಿನವಾಯಿತು ಅಂತ ಮೆಲ್ಲನೆ ಕೇಳಿದ. ನಾನು ಬ್ಲೌಸಿನ ಗುಂಡಿಗೆ ಕಾಜ ಮಾಡುತ್ತಿದ್ದೆ. ನಿಜ ಹೇಳಿದರೆ ನಂಬದೆ ಮನೆ ಬಿಟ್ಟಾನೆಂದು ನೀಲಗಂಗಾ ನಮ್ಮೆಲ್ಲರ ಬಾಯಿ ಕಟ್ಟಿದ್ದಳು. ನನಗೆ ಗೊತ್ತಿಲ್ಲ ಅಂದುಬಿಟ್ಟೆ. ಇನ್ನೊಂದು ದಿನ ನೀಲಗಂಗಾಳಿಗೇ ಹೇಳಿದನಂತೆ, ತನ್ನ ಎರಡು ರೂಪಾಯಿ ಬಂದ ದಿನ ತಾನು ಹೊರಡುವುದೇ, ಆ ಸೇತುವೆಯ ಆಚೆಗಿನ ದಾರಿ ನೋಡಲು ಬಹಳ ತಂಪಾಗಿದೆ ಅಂತ. ಆಚೆಗೆ ಒಂದು ಗಿಡವೂ ಇಲ್ಲ. ಅಲ್ಲಿ ಬರೀ ಕಲ್ಲು.

ಎರಡು ಬೇಸಿಗೆ ಕಳೆದ ಮೇಲೆ ಫಕೀರವ್ವ ಹಾಸಿಗೆ ಹಿಡಿದಳು. ಅವಳು ಹೇಳಿಕಳಿಸಿದಳೆಂದು ನೀಲಗಂಗಾ ಹೋದಳು, ನಾನೂ ಜೊತೆಗಿದ್ದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಉಸಿರಿಗೊಮ್ಮೆ ಎದೆ ಗೊರಗುಟ್ಟುತ್ತಿತ್ತು.

"ನಾ ಹೊಂಟೀನಿ, ನೀಲಾ. ಅವನ ರೊಕ್ಕ ಕೊಟ್ಟು ಹೋಗಬೇಕು ಅಂತೀನಿ. ಎದಿ ಮ್ಯಾಲೆ ಕುಂತಾವ ಆ ಎರಡು ರೂಪಾಯಿ."

ನೀಲಗಂಗಾ ಅವಳ ಕಾಲು ಹಿಡಿದುಕೊಂಡಳು. ಅಂಗಡಿಯನ್ನು ನನಗೆ ಬರೆದುಕೊಡು, ಒಲೆ, ಪಾತ್ರೆ, ಡಬ್ಬಿ ಎಲ್ಲ ಇದ್ದ ಹಾಗೆ, ಕೊಡುವುದು ಕೊಳ್ಳುವುದೂ ಸೇರಿ ನನಗಿರಲಿ ಅಂದಳು. ಫಕೀರವ್ವನ ಎದೆಯ ಗೊರಗೊರ ನಿಂತಿತು. ಸತ್ತಳೇ ಅಂತ ನಾನು ಬಗ್ಗಿ ನೋಡಿದೆ. ಕಣ್ಣು ತೆರೆದೇ ಇತ್ತು.

"ತಗೋ. ಆದರ ಅವ ನನ್ನ ಮ್ಯಾಲಿನ ಸಿಟ್ಟಿಗೆ ನಿಂತಾನ, ರೊಕ್ಕಕ್ಕಲ್ಲ. ನಿನ್ನ ಮಾರಿ ನೋಡಿದರ ಬಿಟ್ಟುಕೊಡತಾನ. ಅದನ್ನ ವಿಚಾರ ಮಾಡು."

ಮೂರು ದಿನಕ್ಕೆ ಅವಳನ್ನು ಮಣ್ಣು ಮಾಡಿದರು. ಪಂಚಾಕ್ಷರಿಯೂ ಬಂದು ಒಂದು ಹಿಡಿ ಮಣ್ಣು ಹಾಕಿದ. ಬರುವಾಗ ಅವನು ನಮ್ಮ ಜೊತೆಗೇ ನಡೆದ. ಸತ್ತವರ ಹತ್ತಿರ ಕೇಳುವುದು ಸರಿಯಲ್ಲ ಅನ್ನುವ ಮಾತು ಅವನ ಬಾಯಿಗೆ ಬಂದದ್ದು, ನೀಲಗಂಗಾ ಕೂಡಲೇ ಅಂಗಡಿ ಈಗ ಬೇರೆಯವರದು, ಅವರು ಕೊಡಬೇಕು ಅಂತ ಅಡ್ಡ ಹಾಕಿದ್ದು, ಅವನು ಹೌದು, ಅದು ಖರೆ ಅಂದದ್ದು ನನಗೆ ನೆನಪಿದೆ. ಯಾರದು ಅಂತ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನೀಲಗಂಗಾ ಅವನಿಗಿಂತ ಮುಂಚೆ ಹೋಗಿ ಒಲೆ ಹಚ್ಚಿದಳು. ಧೈರ್ಯಕ್ಕಿರಲಿ ಅಂತ ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡಿದ್ದಳು. ಹಳ್ಳದಲ್ಲಿ ಮಂಜಿನಂಥದ್ದು ತುಂಬಿತ್ತು, ಆ ದಂಡೆ ಕಾಣುತ್ತಿರಲಿಲ್ಲ. ಅವನು ಬಂದ. ಒಲೆಯ ಹಿಂದೆ ಅವಳನ್ನು ಕಂಡು ಅವನ ಮುಖ ಅರಳಿದ್ದನ್ನು ನಾನು ನೋಡಿದೆ. ನೀವೇ ತಗೊಂಡಿರಾ ಅಂಗಡಿ, ಒಳ್ಳೇದಾಯಿತು, ಒಬ್ಬರೇ ಹೇಗೆ ನಡೆಸುತ್ತೀರಿ ಅಂತ ವಿಚಾರಿಸಿದ. ತೂಗಾಡುತ್ತಿದ್ದ ಬಲ್ಬಿನ ವೈರನ್ನು ನೋಡಿ ಸಂಜೆ ಬಂದು ಸರಿಮಾಡುತ್ತೇನೆ ಅಂದ. ಆಮೇಲೆ ನಗುತ್ತ, ತನ್ನ ಎರಡು ರೂಪಾಯಿಯ ಕಥೆಯನ್ನು ಅವಳಿಗೇ ಹೇಳಿದ. ಅವಳು ಅವನ ಕಾಲ ಕಡೆಗೇ ನೋಡುತ್ತಿದ್ದಳು. ಅವನ ಪಾದಗಳು ಆಗಲೇ ಸೇತುವೆಯ ಕಡೆ ತಿರುಗಿದ್ದವು. ಅವನಿಗದು ಗೊತ್ತಿರಲಿಲ್ಲ.

"ಆ ಮುದುಕಿ ಮ್ಯಾಲೆ ಹಟ ಇತ್ತು ನೋಡ್ರಿ. ಈಗ ನೀವು ಅಂದಮ್ಯಾಗ ಏನೈತಿ. ಇರ್ಲಿ ಬಿ..."

ಅವಳು ಚಹಾದ ಪಾತ್ರೆಯನ್ನು ಕಟ್ಟೆಗೆ ಕುಕ್ಕಿದಳು.

"ಯಾವ ಎರಡು ರೂಪಾಯಿ?"

ಅವನು ತಬ್ಬಿಬ್ಬಾಗಿ, ಹತ್ತರ ನೋಟು ಕೊಟ್ಟಿದ್ದೆ ಅಂದ.

"ಫಕೀರವ್ವ ಸಾಯೂ ಮುಂದ ನನಗ ಎಲ್ಲಾ ಹೇಳ್ಯಾಳ. ನೀವು ಎಂಟೇ ಕೊಟ್ಟು ಹತ್ತು ಕೊಟ್ಟೀನಿ ಅಂತ ಎರಡು ವರ್ಷ ಆಕೀನ ಕಾಡೀರಿ. ಮನ್ಯಾಗ ಇಟ್ಟುಕೊಂಡು ಉಣ್ಣಾಕ ಹಾಕಿದೆ, ನಿಮ್ಮ ಬುದ್ಧಿ ಇಂಥದ್ದು ಅಂತ ಗೊತ್ತಿರಲಿಲ್ಲ. ಈಗ ನನ್ನ ಹತ್ರ ಶುರು ಮಾಡಬ್ಯಾಡ್ರಿ."

ನನಗೆ ತಲೆ ತಗ್ಗಿಸುವಂತಾಯಿತು. ಅವಳು ಅಷ್ಟು ಕೆಟ್ಟ ದನಿಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವನು ಮೊದಲು ನನ್ನ ಕಡೆ ನೋಡಿದ, ನಾನಾದರೂ ಏನಾದರೂ ಹೇಳುತ್ತೇನೇನೋ ಅಂತ. ಆಮೇಲೆ ಅವಳ ಕಡೆ. ಆ ಎರಡು ವರ್ಷ ಅವನು ಅವಳ ಮುಖವನ್ನು ನೇರವಾಗಿ ನೋಡಿದ್ದೇ ಇಲ್ಲ, ಪರಸ್ತ್ರೀ ಅನ್ನುವ ಸಂಕೋಚದಲ್ಲಿ ಅವಳ ಹೆಗಲಿನ ಪಕ್ಕಕ್ಕೆ ನೋಡಿ ಮಾತಾಡುತ್ತಿದ್ದ. ಈಗ ನೋಡಿದ. ನೋಡುತ್ತಿದ್ದ ಹಾಗೆ ಹಣೆಯ ಮೇಲೆ ನರ ಎದ್ದಿತು. ನಿಮ್ಮ ಮನೆಗೆ ನಾನಿನ್ನು ಕಾಲಿಡುವುದಿಲ್ಲ, ನನ್ನ ಹಾಸಿಗೆ ಹೊರಗಿಡಿ ಅಂದ. ನಿಮ್ಮನ್ನು ದೊಡ್ಡ ಮನಸ್ಸಿನವರು ಅಂತ ತಿಳಿದಿದ್ದೆ, ಆ ಮುದುಕಿಗಿಂತ ಕಡೆ ನೀವು ಅಂದ. ಅವಳು ಚಹಾ ಸೋಸುತ್ತಲೇ ಇದ್ದಳು. ಗ್ಲಾಸು ತುಂಬಿ ಚಹಾ ಹೊರಗೆ ಹರಿಯುತ್ತಿತ್ತು.

ಅವನು ಬೆಂಚನ್ನು ಹಿಡಿದೆಳೆದ. ನಾನು ಎದ್ದು ಜಾಗ ಬಿಟ್ಟೆ. ಅದನ್ನು ಅಂಗಡಿಯ ಬಾಯಿಗೆ ಅಡ್ಡವಾಗಿ ಹಾಕಿ, ಅವಳಿಗೆ ಎದುರಾಗಿ, ಸೇತುವೆಗೆ ಬೆನ್ನು ಮಾಡಿ ಕೂತ.

"ಕೊಡೂತನಕ ನಾ ಇಲ್ಲಿಂದ ಏಳಂಗಿಲ್ಲ" ಅಂದ.

"ಕುಂದರ್ರಿ" ಅಂದಳು ನೀಲಗಂಗಾ. ಮಂಜು ಕರಗಿ ಬಿಸಿಲು ಬಂತು. ಮೊದಲ ಲಾರಿಯವನು ಬಂದು, ಅಡ್ಡ ಕೂತ ಮನುಷ್ಯನ ಭುಜದ ಮೇಲಿಂದ ಕೈ ಚಾಚಿ ಚಹಾ ತೆಗೆದುಕೊಂಡು, ಹತ್ತು ರೂಪಾಯಿ ಕೊಟ್ಟ. ಅವಳು ನೋಟನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.